ಎನಾಮೆಲ್ ಕೆಳಗಿನ ಕೆಂಪು

ಅಜ್ಜಂಪುರ
11 ನವೆಂಬರ್ 2024

ಅಪ್ಪನಿಗೆ ಪ್ರಜ್ಞಾ ಮಾಡುವ ನಮಸ್ಕಾರ. ಜೈಭೀಮ್.

ಒಂದು ವರ್ಷ ನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ಕೂಗುತ್ತೀರಿ, ನಾನೂ ಕೂಗುತ್ತೇನೆ, ನಡುವೆ ಅಮ್ಮ ಅಳುತ್ತಾಳೆ, ಕೇಳಬೇಕೆಂದಿದ್ದ ವಿಷಯ ಉಳಿದೇಹೋಗುತ್ತದೆ. ಕಾಗದದ ಮೇಲಾದರೆ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಸುಮ್ಮನಿರಲೇಬೇಕು.

ನಿಮ್ಮ ಲಾರಿ ಪೇಂಟಿಂಗ್ ಅಂಗಡಿ ಬಿಟ್ಟು ಬಂದ ಮೇಲೆ ನಾನು ಹಾಳಾಗಿಹೋಗುತ್ತೇನೆ ಅಂದಿದ್ದಿರಿ. ಇನ್ನೂ ಆಗಿಲ್ಲ. ಇಲ್ಲಿ ಸ್ಟೇಷನ್ ರಸ್ತೆಯಲ್ಲಿ ಒಂದು ರೂಮು ಹಿಡಿದಿದ್ದೇನೆ. ಬಸ್ಸು, ಟ್ರ್ಯಾಕ್ಟರು, ಮನೆಗಳ ಪುಟ್ಟ ಮಾದರಿಗಳನ್ನು ಅಳತೆಗೆ ತಕ್ಕಂತೆ ಮಾಡಿಕೊಡುತ್ತೇನೆ. ನಿವೃತ್ತರಾಗುವ ಡ್ರೈವರ್‌ಗಳು ತಮ್ಮ ಬಸ್ಸಿನ ಮಾದರಿ ಮಾಡಿಸಿಕೊಂಡು ಹೋಗಿ ಟಿವಿ ಮೇಲೆ ಇಟ್ಟುಕೊಳ್ಳುತ್ತಾರೆ. ನೀವು ಅದನ್ನು ಆಟದ ಸಾಮಾನು ಅನ್ನುತ್ತೀರಿ. ಅನ್ನಿ.

ಈಗ ಬಂದಿರುವ ಕೆಲಸ ಆಟದ್ದಲ್ಲ. ಕಳೆದ ಮಾರ್ಚ್ 6ರ ಸಂಜೆ ಏಳೂಕಾಲಿಗೆ ಅಜ್ಜಂಪುರದಿಂದ ತರೀಕೆರೆಗೆ ಹೋಗುವ ರಸ್ತೆಯಲ್ಲಿ, ನಿಲ್ಲಿಸಿದ್ದ ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಂದಿನಿಂದ ಬೈಕ್ ಗುದ್ದಿ ತಿಪ್ಪೇಶ ಎಂಬುವರು ತೀರಿಕೊಂಡರು. ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದವರು. ಟ್ರೇಲರ್ ಇಲ್ಲಿನ ಕಲ್ಲಪ್ಪನದು. ಟ್ರೇಲರ್‌ನ ಹಿಂದೆ ಎರಡು ಕೆಂಪು ರಿಫ್ಲೆಕ್ಟರ್‌ಗಳು ಚೆನ್ನಾಗಿಯೇ ಇದ್ದವು, ತಿಪ್ಪೇಶನೇ ಕಣ್ಣುಮುಚ್ಚಿಕೊಂಡು ಓಡಿಸಿದ ಎಂದು ಕಲ್ಲಪ್ಪನ ವಾದ. ತಿಪ್ಪೇಶರ ಹೆಂಡತಿ ಭುವನಾ ಕೇಸು ಹಾಕಿದ್ದಾರೆ. ಅವರ ಪರವಾಗಿ ತರೀಕೆರೆಯ ವಕೀಲೆ ಅಕ್ಷತಾ ನನ್ನ ಹತ್ತಿರ ಬಂದರು. ಕಲ್ಲಪ್ಪ ಆ ಹಿಂಬದಿ ಹಲಗೆಗಳನ್ನು ಕಿತ್ತು ಕಬ್ಬಿಣದ ತಗಡು ಹೊಡೆಸಿಬಿಟ್ಟಿದ್ದಾನೆ, ಹಲಗೆ ಒಲೆಗೆ ಹೋಗಿದೆ. ಉಳಿದಿರುವುದು ಪೊಲೀಸರು ತೆಗೆದ ಆರು ಫೋಟೋ ಮಾತ್ರ. ಅವುಗಳನ್ನು ನೋಡಿ ಹತ್ತಕ್ಕೆ ಒಂದರ ಅಳತೆಯಲ್ಲಿ ಟ್ರೇಲರ್ ಮಾಡಬೇಕು. ಕತ್ತಲೆ ಮಾಡಿದ ಕೋಣೆಯಲ್ಲಿ ಅದರ ಮೇಲೆ ಬೆಳಕು ಬಿಟ್ಟು, ಬೈಕಿನಿಂದ ಅದು ಹೇಗೆ ಕಂಡಿತ್ತು ಎಂದು ನ್ಯಾಯಾಧೀಶರಿಗೆ ತೋರಿಸಬೇಕು.

ಫೋಟೋ ನೋಡಿದ ಕೂಡಲೇ ನನಗೆ ನಗು ಬಂತು. ಹಿಂಬದಿ ಹಲಗೆಯ ನಡುವೆ ಎಂಟು ದಳದ ಕಮಲ, ಬೆಳಕು ಎಡಗಡೆಯಿಂದ ಮಾತ್ರ. ಅದು ನಿಮ್ಮದು. ಇನ್ನಾರನ್ನು ಕೇಳಲಿ? ನಿಜವಾದ ಹಲಗೆಯ ಮೇಲಿದ್ದದ್ದು ಎನಾಮೆಲ್. ಪುಟ್ಟ ಮಾದರಿಯ ಮೇಲೂ ಎನಾಮೆಲ್ಲೇ ಬಳಿಯಲೇ, ಅಥವಾ ಅಕ್ರಿಲಿಕ್ ಬಳಿದು ಮೇಲೆ ವಾರ್ನಿಷ್ ಕೊಡಲೇ? ಹೊಳಪು ಹೆಚ್ಚೂಕಡಿಮೆಯಾದರೆ ಸುಳ್ಳು ಹೇಳಿದಂತಾಗುತ್ತದೆ ಎಂಬ ಹೆದರಿಕೆ ನನಗೆ. ಬೈದಾದರೂ ಬರೆಯಿರಿ.

ನಿಮ್ಮ ಮಗಳು,
ಪ್ರಜ್ಞಾ

ಕಡೂರು
19 ನವೆಂಬರ್ 2024

ಚಿ. ಪ್ರಜ್ಞಾಳಿಗೆ ಆಶೀರ್ವಾದ. ಜೈಭೀಮ್.

ಪತ್ರ ಮುಟ್ಟಿತು. ಅಕ್ರಿಲಿಕ್ ಬಳಸು.

ಸಣ್ಣ ಕೆಲಸಕ್ಕೆ ಅಕ್ರಿಲಿಕ್ಕೇ ಸರಿ. ತೆಳ್ಳಗೆ ಕೂರುತ್ತದೆ, ಹಲಗೆಯ ಸಂದು ಮುಚ್ಚುವುದಿಲ್ಲ, ಅರ್ಧ ಗಂಟೆಯಲ್ಲಿ ಒಣಗುತ್ತದೆ. ಎನಾಮೆಲ್ ಆದರೆ ವಾಸನೆ, ಥಿನ್ನರ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಒಣಗುವುದಕ್ಕೆ ಎರಡು ದಿನ, ಅಷ್ಟರಲ್ಲಿ ಧೂಳು. ನೀನು ಆಗ ಹೇಳುತ್ತಿದ್ದದ್ದು ಸರಿಯಾಗಿಯೇ ಇತ್ತು.

ಆ ಟ್ರೇಲರ್ ನನ್ನ ಕೆಲಸವೋ ಅಲ್ಲವೋ ನೆನಪಿಲ್ಲ. ವರ್ಷಕ್ಕೆ ಮೂವತ್ತು ಟ್ರೇಲರ್ ಬರೆಯುತ್ತೇನೆ. ನನ್ನ ಕಮಲವನ್ನು ನೋಡಿ ಬರೆಯುವವರು ಬೀರೂರಿನಲ್ಲೇ ಇಬ್ಬರಿದ್ದಾರೆ. ಕೋರ್ಟಿನ ವಿಷಯದಲ್ಲಿ ನಮಗೇನು ಕೆಲಸ? ಗೆದ್ದವನು ಸೋತ, ಸೋತವನು ಸತ್ತ ಅಂತ ಸುಮ್ಮನೆ ಹೇಳಿಲ್ಲ. ಆಗುವುದಾದರೆ ಆ ಕೆಲಸವನ್ನು ವಾಪಸು ಕೊಟ್ಟುಬಿಡು. ಬಸ್ಸಿನ ಮಾದರಿಗಳು ಸಾಲದೇ?

ನಿನ್ನ ಅಮ್ಮ ಪಕ್ಕದಲ್ಲಿ ಕೂತು ಬರೆಸುತ್ತಿದ್ದಾಳೆ: "ಹೊತ್ತೊತ್ತಿಗೆ ಉಣ್ಣು ಕಣೇ. ಬಣ್ಣದ ಕೈಲೇ ತಿಂಡಿ ತಿನ್ಬೇಡ."

ಇಂತಿ,
ಕಾಂತರಾಜು

ಅಜ್ಜಂಪುರ
28 ನವೆಂಬರ್ 2024

ಅಪ್ಪನಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಕ್ಷರ ನಿಮ್ಮದೇ. ಆದರೆ ಬರೆದವರು ನೀವಲ್ಲ.

ನನ್ನ ಹನ್ನೆರಡು ಬಾಟಲಿ ಅಕ್ರಿಲಿಕ್ ಬಣ್ಣವನ್ನು ಲಾರಿ ಸ್ಟ್ಯಾಂಡಿನ ಚರಂಡಿಗೆ ಸುರಿದವರು ನೀವು. "ಇದ್ನ ಬಣ್ಣ ಅಂತಾರೇನೇ? ಹೋಳಿ ನೀರು ಕಣೇ ಇದು! ಎನಾಮೆಲ್ ಆದ್ರೆ ತಾನಾಗೇ ಹರ್ಕೊಂಡು ಬ್ರಷ್ಷಿನ ಗೆರೆ ಮುಚ್ಕೊತೈತೆ. ಇದು ಅವಸರದ್ದು, ನಿನ್ನಂಗೇ" ಎಂದು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದವರೂ ನೀವೇ. ಆ ಬೈಗುಳಕ್ಕೇ ನಾನು ಚೀಲ ಹಿಡಿದುಕೊಂಡು ಅಜ್ಜಂಪುರದ ಬಸ್ಸು ಹತ್ತಿದ್ದು. ಈಗ ಒಂದು ಪೋಸ್ಟ್ ಕವರಿನಲ್ಲಿ ನಾನು ಗೆದ್ದುಬಿಟ್ಟೆ. ಖುಷಿಯಾಗಬೇಕಿತ್ತು, ಆಗಲಿಲ್ಲ.

ಕೆಲಸವನ್ನು ವಾಪಸು ಕೊಡುವುದಿಲ್ಲ ಅಪ್ಪಾ. ಮೊನ್ನೆ ಭುವನಾ ನನ್ನ ರೂಮಿಗೆ ಬಂದಿದ್ದರು, ಎಂಟು ವರ್ಷದ ಮಗಳು ವಿದ್ಯಾಶ್ರೀಯ ಜೊತೆ. ಆ ಮಗು ಅರ್ಧ ಮುಗಿದ ಟ್ರೇಲರನ್ನು ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು, ಸುತ್ತ ಬಂದು ನೋಡಿತು. ಭುವನಾ ಹೆಚ್ಚು ಮಾತಾಡುವವರಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು: "ರಕ್ತದ ರಿಪೋರ್ಟ್‌ನಲ್ಲಿ ಏನೂ ಇಲ್ಲ ಕಣ್ರೀ. ಆದ್ರೂ ಜನ ಬಿಡಲ್ಲ. ಅಷ್ಟು ಕೆಂಪಗೆ ಹೊಳೀತಿದ್ದದ್ದು ಕಾಣ್ಲಿಲ್ಲ ಅಂದ್ರೆ ಕುಡ್ದೇ ಇರ್ಬೇಕು ಅಂತಾರೆ. ಸ್ಕೂಲಲ್ಲಿ ಇವ್ಳಿಗೆ ಕುಡುಕನ ಮಗ್ಳು ಅಂತ ಕರೀತಾರೆ. ನನಗೆ ಬೇರೇನೂ ಬೇಡ, ಆ ಮಾತು ನಿಂತ್ರೆ ಸಾಕು."

ಅವರಿಗೆ ಬೇಕಾಗಿರುವುದು ಅಷ್ಟೇ. ನಾನು ಮಾಡುತ್ತಿರುವ ಟ್ರೇಲರ್ ನಿಜ ಹೇಳಬೇಕು. ಅದು ತಿಪ್ಪೇಶರ ತಪ್ಪು ಅಂತ ತೋರಿಸಿದರೂ ಸರಿ, ನಿಜವನ್ನೇ ಹೇಳಬೇಕು.

ಈಗ ನನ್ನ ತಲೆ ತಿನ್ನುತ್ತಿರುವುದು ಆ ಎರಡು ಚೌಕಗಳು. ಹಲಗೆಯ ಎರಡು ಮೂಲೆಗಳಲ್ಲಿ ಅಂಗೈ ಅಗಲದ ಕೆಂಪು ಚೌಕ. ಪೊಲೀಸರ ಪಟ್ಟಿಯಲ್ಲಿ "ರಿಫ್ಲೆಕ್ಟರ್‌ಗಳು ಇದ್ದವು" ಎಂದಿದೆ. ಐದು ಫೋಟೋಗಳು ಮರುದಿನ ಬೆಳಗ್ಗೆ ತೆಗೆದವು. ಆರನೆಯದನ್ನು ಪೇದೆಯೊಬ್ಬ ಆವತ್ತೇ ಸಂಜೆ ಕತ್ತಲಾದ ಮೇಲೆ ಮೊಬೈಲಿನ ಫ್ಲಾಷ್ ಹಾಕಿ ತೆಗೆದದ್ದು. ಅದರಲ್ಲಿ ಕೆಳಗೆ ಬಿದ್ದ ಬೈಕಿನ ನಂಬರ್ ಪ್ಲೇಟು ಬೆಳ್ಳಗೆ ಉರಿಯುತ್ತಿದೆ, ಅಕ್ಷರವೇ ಓದಲಾಗುವುದಿಲ್ಲ. ಚೌಕಗಳು ಮಾತ್ರ ಸುಮ್ಮನೆ ಕೆಂಪಗಿವೆ. ರಿಫ್ಲೆಕ್ಟರ್ ಸ್ಟಿಕ್ಕರ್ ಆಗಿದ್ದರೆ ಅವೂ ಉರಿಯಬೇಕಿತ್ತಲ್ಲವೇ? ಬೆಳಗಿನ ಫೋಟೋದಲ್ಲಿ ಅವುಗಳ ಮೇಲೆ ರಾಗಿ ಹೊಟ್ಟು ಅಂಟಿಕೊಂಡಿರುವುದು ಕಾಣುತ್ತದೆ. ಪಕ್ಕದ ಕಮಲದ ಮೇಲೆ ಒಂದು ಕಣವೂ ಇಲ್ಲ.

ನಿಮಗೆ ನೆನಪಾಗುತ್ತದೆ. ಬರೆದ ಒಂದೊಂದು ಲಾರಿಯ ನಂಬರನ್ನೂ ಹತ್ತು ವರ್ಷದ ಮೇಲೆ ಹೇಳುವವರು ನೀವು. ದಯವಿಟ್ಟು ನೆನಪು ಮಾಡಿಕೊಂಡು ಬರೆಯಿರಿ.

ಪ್ರಜ್ಞಾ

ಕಡೂರು
6 ಡಿಸೆಂಬರ್ 2024

ಪ್ರಜ್ಞಾಳಿಗೆ.

ಒಂದು ಸಲ ಹೇಳಿದರೆ ಅರ್ಥವಾಗುವುದಿಲ್ಲವೇ? ಅಕ್ರಿಲಿಕ್ ಬಳಿ. ಚೌಕಕ್ಕೆ ರಿಫ್ಲೆಕ್ಟರ್ ಸ್ಟಿಕ್ಕರನ್ನು ಉಗುರಿನಷ್ಟು ಕತ್ತರಿಸಿ ಅಂಟಿಸು. ಎಲ್ಲಾ ಟ್ರೇಲರ್‌ಗೂ ಇರುವುದು ಅದೇ. ಪೊಲೀಸರೇ ಇತ್ತು ಅಂತ ಬರೆದ ಮೇಲೆ ನೀನು ಯಾರು ಇಲ್ಲ ಅನ್ನುವುದಕ್ಕೆ? ಮೊಬೈಲಿನ ಫೋಟೋ ನಂಬಿಕೊಂಡು ಯಾರೂ ಕೆಡಬಾರದು. ಧೂಳು ಕೂತ ಸ್ಟಿಕ್ಕರ್ ಹೊಳೆಯುವುದಿಲ್ಲ.

ಎನಾಮೆಲ್ ಮುಟ್ಟಬೇಡ. ನೀನೇ ಹೇಳುತ್ತಿದ್ದೆ, ದೊಡ್ಡ ವಸ್ತುವಿನ ಹೊಳಪನ್ನು ಹಾಗೆಯೇ ಸಣ್ಣದಕ್ಕೆ ಕೊಟ್ಟರೆ ಆಟಿಕೆಯಂತೆ ಕಾಣುತ್ತದೆ, ಹೊಳಪನ್ನೂ ಅಳತೆಗೆ ಇಳಿಸಬೇಕು ಅಂತ. ಆ ಮಾತು ಈಗೆಲ್ಲಿ ಹೋಯಿತು?

ಕಲ್ಲಪ್ಪ ಸೋಮವಾರ ಅಂಗಡಿಗೆ ಬಂದಿದ್ದ. ಟೀ ಕುಡಿದು ಹೋದ. ನಿನ್ನ ರೂಮು ಯಾವ ಕಡೆ ಅಂತ ಕೇಳಿದ, ನಾನು ಹೇಳಲಿಲ್ಲ. ಬಾಗಿಲನ್ನು ಭದ್ರ ಮಾಡಿಕೊಂಡು ಕೆಲಸ ಮಾಡು. ಹೆಣ್ಣುಮಗಳು ಒಬ್ಬಳೇ ಇದ್ದೀಯ, ಊರವರ ಜಗಳ ಮೈಮೇಲೆ ಎಳೆದುಕೊಳ್ಳಬೇಡ. ಈ ವಿಷಯದಲ್ಲಿ ಇನ್ನು ನನಗೆ ಬರೆಯಬೇಡ.

ಕಾಂತರಾಜು

ಅಜ್ಜಂಪುರ
23 ಡಿಸೆಂಬರ್ 2024

ಅಪ್ಪಾ,

ಬರೆಯಬೇಡ ಅಂದಿರಿ. ಹದಿನೈದು ದಿನ ಬರೆಯಲಿಲ್ಲ. ಆ ಹದಿನೈದು ದಿನ ಏನು ಮಾಡಿದೆ ಅಂತ ಹೇಳುತ್ತೇನೆ, ಪೂರ್ತಿ ಓದಿ.

ಮೂರು ಹಲಗೆ ತುಂಡು ತೆಗೆದುಕೊಂಡೆ. ಮೂರರ ಮೇಲೂ ರಿಫ್ಲೆಕ್ಟರ್ ಸ್ಟಿಕ್ಕರ್ ಅಂಟಿಸಿದೆ. ಮೊದಲನೆಯದನ್ನು ಹಾಗೆಯೇ ಬಿಟ್ಟು ಮೇಲೆ ಧೂಳು, ಸಗಣಿ ನೀರು ಎರಚಿದೆ. ಎರಡನೆಯದರ ಮೇಲೆ ಕೆಂಪು ಅಕ್ರಿಲಿಕ್ ಬಳಿದೆ. ಮೂರನೆಯದರ ಮೇಲೆ, ನೀವು ನನಗೆ ಕಲಿಸಿದಂತೆ, ಎರಡು ಕೋಟ್ ಕೆಂಪು ಎನಾಮೆಲ್. ಒಂದು ವಾರ ಬಿಸಿಲಿನಲ್ಲಿಟ್ಟೆ.

ಧೂಳು ಹಿಡಿದ ಸ್ಟಿಕ್ಕರ್ ಮೇಲೆ ಫ್ಲಾಷ್ ಬಿಟ್ಟರೆ ಮಂಕಾಗಿಯಾದರೂ ಉರಿಯುತ್ತದೆ. ಅಕ್ರಿಲಿಕ್ ಉಗುರು ತಾಗಿಸಿದರೆ ಸಿಪ್ಪೆಯಂತೆ ಎದ್ದು ಬಂತು. ಎನಾಮೆಲ್ ಎದ್ದು ಬರಲಿಲ್ಲ, ಆದರೆ ಒಣಗಲೂ ಇಲ್ಲ. ಮರದ ಮೇಲೆ ಎರಡು ದಿನದಲ್ಲಿ ಗಟ್ಟಿಯಾಗುವ ಬಣ್ಣ ಆ ಸ್ಟಿಕ್ಕರ್ ಮೇಲೆ ಎಂಟನೆಯ ದಿನವೂ ಬೆರಳಿಗೆ ಅಂಟುತ್ತಿತ್ತು. ರಾಗಿ ಹೊಟ್ಟು ತಂದು ಊದಿದೆ. ಮೂರನೆಯ ತುಂಡಿಗೆ ಮಾತ್ರ ಕಚ್ಚಿಕೊಂಡಿತು. ಫೋಟೋವನ್ನು ಪಕ್ಕದಲ್ಲಿಟ್ಟು ನೋಡಿದೆ. ಆಮೇಲೆ ಕಿಟಕಿ ಮುಚ್ಚಿ, ಅಳತೆಯ ದೂರದಲ್ಲಿ ನಿಂತು ಟಾರ್ಚ್ ಬಿಟ್ಟೆ. ಹಗಲಿನಲ್ಲಿ ಮೂರರ ಪೈಕಿ ಎಲ್ಲಕ್ಕಿಂತ ಚೆನ್ನಾಗಿ ಕಂಡ ಆ ಎನಾಮೆಲ್ ಕೆಂಪು, ಕತ್ತಲೆಯಲ್ಲಿ ಇಲ್ಲವೇ ಇಲ್ಲ.

ಆ ಚೌಕಗಳ ಮೇಲೆ ಎನಾಮೆಲ್ ಬಳಿದಿದ್ದಾರೆ. ಬಳಿದದ್ದು ನೀವು.

ನೀವು ಬೇಕೆಂದು ಮಾಡಿದಿರಿ ಎಂದು ನಾನು ಒಂದು ಗಳಿಗೆಯೂ ಅಂದುಕೊಂಡಿಲ್ಲ. ಯಾಕೆ ಮಾಡಿದಿರಿ ಅಂತಲೂ ನನಗೆ ಗೊತ್ತು. ಹೊಸ ಬಣ್ಣದ ಪಕ್ಕದಲ್ಲಿ ಮಾಸಿದ ಒಂದು ಚುಕ್ಕೆಯನ್ನೂ ಬಿಡಲಾರದವರು ನೀವು. ಆದರೆ ಗೊತ್ತಾದ ಮೇಲೂ ನನ್ನ ಕೈಯಲ್ಲಿ ಸುಳ್ಳು ಚೌಕ ಅಂಟಿಸಲು ನೋಡಿದಿರಲ್ಲ, ಅದು ನನಗೆ ಆಗುತ್ತಿಲ್ಲ. ಇಡೀ ಬಣ್ಣದ ಜಗಳದಲ್ಲಿ ನೀವು ಸೋತದ್ದು ನನ್ನ ಮೇಲಿನ ಪ್ರೀತಿಗೆ ಅಂತ ಎರಡು ದಿನವಾದರೂ ನಂಬಿದ್ದೆ.

ಈ ಪತ್ರದ ಜೊತೆ ಕಂಡಕ್ಟರ್ ಈರಪ್ಪನ ಕೈಯಲ್ಲಿ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಅದರಲ್ಲಿ ಟ್ರೇಲರ್ ಇದೆ. ಹಲಗೆ, ಗಾಲಿ, ಕಮಲ ಎಲ್ಲವೂ ಅಕ್ರಿಲಿಕ್‌ನಲ್ಲಿ ಮುಗಿದಿದೆ. ಎರಡು ಚೌಕಗಳನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಸ್ಟಿಕ್ಕರ್ ತುಂಡುಗಳು ಪೊಟ್ಟಣದಲ್ಲಿವೆ. ಸ್ಟಿಕ್ಕರ್ ಅಂಟಿಸಿ ಸುಮ್ಮನಾಗುವುದೋ, ಅದರ ಮೇಲೆ ಬಣ್ಣ ಬಳಿಯುವುದೋ ನಿಮಗೆ ಬಿಟ್ಟದ್ದು. ನಾನೇ ಬಳಿದರೆ ಅದು ನನ್ನ ಊಹೆ, ಕಲ್ಲಪ್ಪನ ವಕೀಲರು ಒಂದು ಮಾತಿನಲ್ಲಿ ಹಾರಿಸುತ್ತಾರೆ. ನೀವು ಬಳಿದು ನಾನೇ ಬಳಿದೆ ಎಂದರೆ ಅದು ಸಾಕ್ಷಿ.

ಜನವರಿ 21, ಮಂಗಳವಾರ, ತರೀಕೆರೆ ಕೋರ್ಟಿನಲ್ಲಿ ವಿಚಾರಣೆ.

ಪ್ರಜ್ಞಾ

ಕಡೂರು
2 ಜನವರಿ 2025

ಪ್ರಜ್ಞಾ,

ನಾನು ಅಮ್ಮ ಬರೀತಿರೋದು. ನನ್ನ ಅಕ್ಷರ ಸೊಟ್ಟ ಅಂತ ನಗಬೇಡ. ನಿಮ್ಮಪ್ಪಂಗೆ ಗೊತ್ತಿಲ್ಲ.

ಪೆಟ್ಟಿಗೆ ಬಂದು ಹತ್ತು ದಿನ ಆಯ್ತು. ಕಪಾಟಿನ ಮೇಲೆ ಇಟ್ಟವ್ರೆ, ಬಿಚ್ಚಿಲ್ಲ. ಊಟಕ್ಕೆ ಕೂತ್ರೆ ಕಣ್ಣು ಅಲ್ಲೇ. ಅಂಗಡೀಲಿ ಮೂರು ಬೋರ್ಡು ಅರ್ಧಕ್ಕೇ ಬಿಟ್ಟವ್ರೆ. ಮೊನ್ನೆ ಒಬ್ರು ಲಾರಿ ತಂದು ಕಮಲ ಬರ್ಕೊಡಿ ಅಂದ್ರೆ, "ಆಗಲ್ಲ ಹೋಗ್ರೀ" ಅಂತ ರೇಗಿದ್ರಂತೆ.

ಕಲ್ಲಪ್ಪ ಮತ್ತೆ ಬಂದಿದ್ದ. ನಾನು ಒಳಗಿದ್ದೆ, ಕೇಳಿಸ್ಕೊಂಡೆ. "ಕಾಂತಣ್ಣ, ಆ ರಿಫ್ಲೆಕ್ಟರ್‌ಗೆ ಬಳಿ ಅಂತ ನಾನು ಹೇಳಿಲ್ಲ, ಬಳ್ದಿದ್ದು ನಿನ್ನ ಕೈ. ಬಾಯಿ ಬಿಟ್ರೆ ಮೊದ್ಲು ಒಳಗೋಗೋನು ನೀನೇ. ಮಗ್ಳಿಗೂ ಹೇಳು" ಅಂದ. ನಿಮ್ಮಪ್ಪ ತಲೆ ತಗ್ಗಿಸ್ಕೊಂಡು ಬ್ರಷ್ ತೊಳೀತಾನೇ ಇದ್ರು ಕಣೇ. ಅಂಥಾ ಬಾಯಿ ಮಾಡೋ ಮನುಷ್ಯ!

ಭಾನುವಾರ ಬುದ್ಧ ವಿಹಾರಕ್ಕೆ ಹೋಗಿದ್ವಿ. ಪಂಚಶೀಲ ಹೇಳುವಾಗ ನಿಮ್ಮಪ್ಪಂದೇ ಯಾವಾಗ್ಲೂ ದೊಡ್ಡ ಗಂಟಲು, ಗೊತ್ತಲ್ಲ. ಕೊಲ್ಲಲ್ಲ ಅಂತ ಹೇಳಿದ್ರು, ಕದಿಯಲ್ಲ ಅಂತ ಹೇಳಿದ್ರು, ಮೂರ್ನೇದೂ ಹೇಳಿದ್ರು. ನಾಕ್ನೇದು, ಸುಳ್ಳು ಹೇಳಲ್ಲ ಅನ್ನೋದು ಬಂದಾಗ ಬಾಯಿ ತೆರೀಲಿಲ್ಲ. ಪಕ್ಕದಾಗಿದ್ದ ಹುಲಿಯಮ್ಮ ತಿರುಗಿ ನೋಡಿದ್ಲು. ನಂಗೆ ಭೂಮಿ ಒಳಗೆ ಇಳ್ದೋದ್ರೆ ಸಾಕು ಅನ್ನಿಸ್ತು.

ಏನಾಗೈತೆ ಅಂತ ನೀನಾದ್ರೂ ಪೂರ್ತಿ ಹೇಳು. ಜೈಲಿಗೆ ಹಾಕ್ತಾರಾ? ನಿಮ್ಮಪ್ಪಂಗೆ ಐವತ್ತೊಂಬತ್ತು.

ಈಶ್ವರಮ್ಮ

ಅಜ್ಜಂಪುರ
7 ಜನವರಿ 2025

ಅಪ್ಪನಿಗೆ ನಮಸ್ಕಾರ.

ಅಮ್ಮನಿಗೆ ಬೇರೆಯಾಗಿ ಬರೆದಿದ್ದೇನೆ, ಏನನ್ನೂ ಮುಚ್ಚಿಟ್ಟಿಲ್ಲ. ಜೈಲಿನ ವಿಷಯವನ್ನು ವಕೀಲೆ ಅಕ್ಷತಾ ಅವರ ಹತ್ತಿರ ಹೆಸರು ಹೇಳದೆ ವಿಚಾರಿಸಿದೆ. ಹಾಗೆ ಆಗಲಿಕ್ಕಿಲ್ಲ, ಆದರೆ ಆಗುವುದೇ ಇಲ್ಲ ಅಂತ ಬರೆದುಕೊಡಲಾರೆ ಅಂದರು. ನಿಮಗೂ ಅಷ್ಟನ್ನೇ ಹೇಳುತ್ತಿದ್ದೇನೆ. ಸುಳ್ಳು ಧೈರ್ಯ ಕೊಡುವುದಿಲ್ಲ.

ನಿನ್ನೆ ಯಾರೋ ನನ್ನ ರೂಮಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಹೋಗಿದ್ದರು. ನಾನು ಕೂಗಿ ಕೂಗಿ ಸುಸ್ತಾದ ಮೇಲೆ ಪಕ್ಕದ ಹಿಟ್ಟಿನ ಗಿರಣಿಯವರು ಬಂದು ತೆಗೆದರು. ಅಷ್ಟಕ್ಕೇ ಓಡಿಹೋಗುವವಳಲ್ಲ ನಾನು, ನಿಮ್ಮ ಮಗಳು. ಆದರೆ ಹೆದರಿಕೆ ಆಗಿದೆ.

ಹದಿನಾರನೆಯ ತಾರೀಕಿನೊಳಗೆ ಪೆಟ್ಟಿಗೆ ಬೇಕು. ಚೌಕಗಳು ಖಾಲಿ ಬಂದರೆ ಈ ಕೆಲಸ ನನ್ನಿಂದಾಗುವುದಿಲ್ಲ ಅಂತ ಅಕ್ಷತಾ ಅವರಿಗೆ ಕೈಮುಗಿದು ಹೇಳುತ್ತೇನೆ. ನಿಮ್ಮ ಹೆಸರನ್ನು ನಾನು ಕೋರ್ಟಿನಲ್ಲಿ ಹೇಳುವುದಿಲ್ಲ, ನನ್ನಿಂದ ಆಗುವುದಿಲ್ಲ. ಆದರೆ ಸುಳ್ಳು ಟ್ರೇಲರನ್ನೂ ಕೊಡುವುದಿಲ್ಲ. ಆಮೇಲೆ ಆ ಮಗುವನ್ನು ಇದೇ ಊರಿನ ಬೀದಿಯಲ್ಲಿ ಹೇಗೆ ನೋಡುತ್ತೇನೋ ಗೊತ್ತಿಲ್ಲ.

ಪ್ರಜ್ಞಾ

ಕಡೂರು
13 ಜನವರಿ 2025

ಚಿ. ಪ್ರಜ್ಞಾಳಿಗೆ ಆಶೀರ್ವಾದ.

ಈರಪ್ಪನ ಬಸ್ಸಿನಲ್ಲಿ ಪೆಟ್ಟಿಗೆ ಕಳಿಸಿದ್ದೇನೆ. ಹುಷಾರಾಗಿ ಬಿಚ್ಚು. ಚೌಕಗಳನ್ನು ಮುಟ್ಟಬೇಡ, ಒಣಗಿಲ್ಲ. ಒಣಗುವುದೂ ಇಲ್ಲ.

ಸ್ಟಿಕ್ಕರ್ ಅಂಟಿಸಿ ಮೇಲೆ ಎರಡು ಕೋಟ್ ಬಳಿದಿದ್ದೇನೆ. ಆ ಟ್ರೇಲರ್‌ಗೆ ಬಳಿದ ಡಬ್ಬಿಯಲ್ಲೇ ಕಾಲುಭಾಗ ಉಳಿದಿತ್ತು, ಎಸೆಯಲು ಕೈ ಬಂದಿರಲಿಲ್ಲ. ಡಬ್ಬಿಯನ್ನೂ ಜೊತೆಗೆ ಇಟ್ಟಿದ್ದೇನೆ, ವಕೀಲರಿಗೆ ಕೊಡು. ಉಳಿದದ್ದೆಲ್ಲ ನಿನ್ನ ಅಕ್ರಿಲಿಕ್ ಹಾಗೆಯೇ ಇರಲಿ. ಕಮಲವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಹಲಗೆಯ ಮೇಲೆ ನಾನು ಬರೆದದ್ದಕ್ಕಿಂತ ಚೆನ್ನಾಗಿದೆ. ಇದನ್ನು ಹೇಳಿಸಿಕೊಳ್ಳಲು ನೀನು ಅಂಗಡಿ ಬಿಟ್ಟು ಹೋಗಬೇಕಾಯಿತು.

ಪ್ರೀತಿಗೆ ಸೋತೆ ಅಂತ ನಂಬಿದ್ದೆ ಎಂದು ಬರೆದಿದ್ದೀಯ. ಆ ಸಾಲಿನ ಮುಂದೆ ನನಗೆ ಹೋಗಲಾಗಲಿಲ್ಲ. ನಿನಗೆ ಅಕ್ರಿಲಿಕ್ ಬಳಿ ಅಂತ ಬರೆದದ್ದು ಹೆದರಿಕೆಯಿಂದ. ಎನಾಮೆಲ್ ಕೈಗೆತ್ತಿಕೊಂಡರೆ ನೀನು ಎರಡೇ ದಿನದಲ್ಲಿ ಹಿಡಿದುಬಿಡುತ್ತೀಯ ಅಂತ ಗೊತ್ತಿತ್ತು. ಆ ಬಣ್ಣದ ಗುಣವನ್ನು ನಿನಗೆ ಕಲಿಸಿದವನು ನಾನೇ ಅಲ್ಲವೇ.

ಬಾಗಿಲಿಗೆ ಚಿಲಕ ಹಾಕಿದ ಸುದ್ದಿ ಓದಿ ಕಲ್ಲಪ್ಪನ ಮನೆಗೇ ಹೋಗಿದ್ದೆ. "ಲೇ ಕಲ್ಲಪ್ಪ, ನನ್ ಮಗಳ ತಂಟೆಗೆ ಹೋಗ್ಬೇಡ. ಬಳ್ದಿದ್ದು ನಾನೇ, ಕೋರ್ಟಿನಾಗೆ ನಾನೇ ಹೇಳ್ತೀನಿ, ನೀನೂ ಬಾ" ಅಂತ ಅವನ ಅಂಗಳದಲ್ಲಿ ನಿಂತು ಹೇಳಿ ಬಂದೆ. ಅವನು ಬಾಗಿಲು ಹಾಕಿಕೊಂಡ. ಇಪ್ಪತ್ತೊಂದನೆಯ ತಾರೀಕು ಬೆಳಗಿನ ಬಸ್ಸಿಗೆ ನಾನೂ ನಿನ್ನಮ್ಮನೂ ತರೀಕೆರೆಗೆ ಬರುತ್ತೇವೆ.

ಒಳಗಿರುವ ಇನ್ನೊಂದು ಕವರು ಭುವನಾ ಅವರಿಗೆ. ನೀನು ಓದಬೇಡ. ಹಾಗೆಯೇ ತಲುಪಿಸು.

ನಿನ್ನ ಅಪ್ಪ,
ಕಾಂತರಾಜು

ಕಡೂರು
13 ಜನವರಿ 2025

ಭುವನಾ ಅವರಿಗೆ,

ನಾನು ಕಡೂರಿನ ಪೇಂಟರ್ ಕಾಂತರಾಜು. ನಿಮಗೆ ಟ್ರೇಲರ್ ಮಾಡಿಕೊಡುತ್ತಿರುವ ಪ್ರಜ್ಞಾಳ ತಂದೆ. ನಿಮ್ಮ ಯಜಮಾನರು ಗುದ್ದಿದ ಆ ಟ್ರೇಲರ್‌ನ ಹಿಂಬದಿಗೆ ಕಳೆದ ಫೆಬ್ರವರಿಯಲ್ಲಿ ಬಣ್ಣ ಬಳಿದವನು ನಾನು.

ಅದರ ಎರಡು ಮೂಲೆಗಳಲ್ಲಿ ಕೆಂಪು ರಿಫ್ಲೆಕ್ಟರ್ ಸ್ಟಿಕ್ಕರ್‌ಗಳಿದ್ದವು. ಮಾಸಿದ್ದವು, ಅಂಚು ಸ್ವಲ್ಪ ಎದ್ದಿತ್ತು. "ಬಿಡಣ್ಣ, ಅದು ಹಂಗೇ ಇರ್ಲಿ" ಅಂತ ಕಲ್ಲಪ್ಪ ಹೇಳಿದ್ದ. ಇದನ್ನೂ ನಾನು ಕೋರ್ಟಿನಲ್ಲಿ ಹೇಳುತ್ತೇನೆ. ನನಗೆ ತಡೆಯಲಾಗಲಿಲ್ಲ. ಹೊಸ ಕಮಲದ ಎರಡು ಪಕ್ಕದಲ್ಲಿ ಹೊಸ ಸೀರೆಗೆ ಹಳೆ ತೇಪೆ ಹಾಕಿದಂತೆ ಕಂಡವು. ಅವುಗಳ ಮೇಲೆ ಎರಡು ಕೋಟ್ ಕೆಂಪು ಎನಾಮೆಲ್ ಬಳಿದೆ. ಹಗಲಿನಲ್ಲಿ ನೋಡಿದರೆ ಮೊದಲಿಗಿಂತ ಕೆಂಪಗೆ, ಚೆನ್ನಾಗಿ ಕಾಣುತ್ತಿತ್ತು. ಕತ್ತಲಾದ ಮೇಲೆ ಹೇಗೆ ಕಾಣುತ್ತದೆ ಎಂದು ನಾನು ನೋಡಲಿಲ್ಲ. ಮೂವತ್ತೈದು ವರ್ಷದಿಂದ ಹಗಲಿನಲ್ಲಿ ಅಂಗಡಿ ತೆರೆದು ಹಗಲಿನಲ್ಲೇ ಮುಚ್ಚುವವನು. ನಾನು ಬರೆದ ಗಾಡಿಗಳನ್ನು ಒಮ್ಮೆಯೂ ಕತ್ತಲೆಯಲ್ಲಿ ನಿಂತು ನೋಡಿದವನಲ್ಲ.

ಬಣ್ಣದ ಕೆಳಗೆ ಸಿಕ್ಕಿಕೊಂಡ ರಿಫ್ಲೆಕ್ಟರ್ ಬೆಳಕನ್ನು ವಾಪಸು ಕೊಡುವುದಿಲ್ಲ. ಆವತ್ತು ಸಂಜೆ ನಿಮ್ಮ ಯಜಮಾನರ ಕಣ್ಣಿಗೆ ಆ ಟ್ರೇಲರ್ ಬಿದ್ದಿರಲು ಸಾಧ್ಯವಿಲ್ಲ. ಅವರು ಕುಡಿದಿರಲಿಲ್ಲ. ಕಣ್ಣು ಮುಚ್ಚಿಕೊಂಡೂ ಓಡಿಸಿರಲಿಲ್ಲ. ತಪ್ಪು ಅವರದಲ್ಲ, ನನ್ನದು.

ಅಪಘಾತದ ಸುದ್ದಿ ನನಗೆ ಮುಟ್ಟಿದ್ದು ಒಂದು ವಾರದ ಮೇಲೆ. ಯಾವ ಟ್ರೇಲರ್ ಅಂತ ತಿಳಿದದ್ದು ಏಪ್ರಿಲ್‌ನಲ್ಲಿ. ತಿಳಿದ ದಿನವೇ ನಿಮ್ಮ ಮನೆ ಬಾಗಿಲಿಗೆ ಬರಬೇಕಿತ್ತು, ಬರಲಿಲ್ಲ. ಹೆದರಿದೆ. ನನ್ನ ಕೈ ಕೆಲಸಕ್ಕೆ ಹೆಸರಿತ್ತು, ಆ ಹೆಸರು ಹೋಗುತ್ತದೆ ಅಂತ ಹೆದರಿದೆ. ನಿಮ್ಮ ಯಜಮಾನರ ಹೆಸರು ಹೋಗುತ್ತಿರುವುದು ಗೊತ್ತಿದ್ದೂ ಸುಮ್ಮನಿದ್ದೆ. ಇದಕ್ಕೆ ಬೇರೆ ಕಾರಣ ಏನೂ ಇಲ್ಲ.

ಇಪ್ಪತ್ತೊಂದನೆಯ ತಾರೀಕು ಮಂಗಳವಾರ ನ್ಯಾಯಾಧೀಶರ ಮುಂದೆ ಇದನ್ನೆಲ್ಲಾ ಹೇಳುತ್ತೇನೆ. ಅವರು ಏನು ಮಾಡಿದರೂ ಸರಿ. ನೀವು ಒಪ್ಪಿದರೆ ಅದಕ್ಕೆ ಮೊದಲು ಒಂದು ದಿನ ನಿಮ್ಮ ಮನೆಗೆ ಬಂದು, ಹಿರಿಯರ ಎದುರಿಗೆ, ನಿಮ್ಮ ಮಗಳ ಎದುರಿಗೆ ಹೇಳಿ ಹೋಗುತ್ತೇನೆ.

ಕಾಂತರಾಜು

ಅಜ್ಜಂಪುರ
17 ಜನವರಿ 2025

ಕಾಂತರಾಜು ಅವರಿಗೆ,

ನಿಮ್ಮ ಪತ್ರವನ್ನು ಪ್ರಜ್ಞಾ ತಂದುಕೊಟ್ಟರು. ಓದುವವರೆಗೂ ಬಾಗಿಲ ಹೊರಗೇ ನಿಂತಿದ್ದರು, ಒಳಗೆ ಬನ್ನಿ ಅಂದರೂ ಬರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಮೇಲೆ ಇದೆ.

ಹತ್ತು ತಿಂಗಳು. ನಮ್ಮತ್ತೆ ದ್ಯಾಮಮ್ಮ ಈ ಹತ್ತು ತಿಂಗಳಲ್ಲಿ ಒಂದು ಮದುವೆಗೆ ಹೋಗಿಲ್ಲ, ಒಂದು ನಾಮಕರಣಕ್ಕೆ ಹೋಗಿಲ್ಲ. ಕುಡಿದು ಸತ್ತವನ ತಾಯಿ ಅಂತ ಯಾರಾದರೂ ಅಂದಾರು ಎಂದು ಬೀದಿ ನಲ್ಲಿಗೆ ಎಲ್ಲರೂ ಹೋದ ಮೇಲೆ ಹೋಗುತ್ತಾರೆ. ನೀವು ಏಪ್ರಿಲ್‌ನಲ್ಲಿ ಬಂದು ಒಂದು ಮಾತು ಹೇಳಿದ್ದರೆ ಇದು ಇರುತ್ತಿರಲಿಲ್ಲ.

ಇನ್ನೊಂದು ವಿಷಯವಿದೆ, ಅದನ್ನು ಯಾರಿಗೂ ಹೇಳಿಲ್ಲ. ಎಲ್ಲರೂ ಅಂದು ಅಂದು, ದಸರಾ ಹೊತ್ತಿಗೆ ಒಂದು ದಿನ ನಾನೂ ನಂಬಿಬಿಟ್ಟೆ. ನನಗೆ ಗೊತ್ತಿಲ್ಲದೆ ಎಲ್ಲೋ ಕುಡಿದೇ ಬಂದಿರಬೇಕು ಅಂದುಕೊಂಡು ಅವರ ಫೋಟೋವನ್ನು ಗೋಡೆಗೆ ತಿರುಗಿಸಿಟ್ಟೆ. ಮರುದಿನ ಸರಿಮಾಡಿದೆ. ನಿಮ್ಮನ್ನು ಕ್ಷಮಿಸುತ್ತೇನೋ ಇಲ್ಲವೋ ಈಗ ಕೇಳಬೇಡಿ. ನಾನು ಮೊದಲು ಅವರ ಕ್ಷಮೆ ಕೇಳಬೇಕಾಗಿದೆ.

ಪತ್ರವನ್ನು ವಿದ್ಯಾಶ್ರೀಗೆ ಓದಿ ಹೇಳಿದೆ. "ತಪ್ಪು ಅವರದಲ್ಲ" ಎಂಬಲ್ಲಿಗೆ ಬಂದಾಗ "ಇನ್ನೊಂದ್ಸಲ ಓದಮ್ಮ" ಅಂದಳು. ಎರಡು ಸಲ ಓದಿದೆ. ಮೂರನೆಯ ಸಲ ಕಾಗದವನ್ನು ಕಿತ್ತುಕೊಂಡು, ಬೆರಳಿಟ್ಟುಕೊಂಡು, ತಾನೇ ಓದಿದಳು.

ನಮ್ಮ ಮನೆಗೆ ಬರುತ್ತೇನೆ ಅಂದಿದ್ದೀರಿ. ಬರಬೇಡಿ. ಮನೆಯೊಳಗೆ ಹೇಳಿದರೆ ಮನೆಯೊಳಗೇ ಉಳಿಯುತ್ತದೆ. ಕೋರ್ಟಿಗೆ ಬನ್ನಿ. ಆವತ್ತು ಊರಿನಿಂದ ತುಂಬ ಜನ ಬರುತ್ತಾರೆ, ನಮ್ಮ ಮಾವ ಕರಿಸಿದ್ದಪ್ಪನವರು ನಾಚಿಕೆಗೆ ಎಲ್ಲರಿಗಿಂತ ಹಿಂದೆ ಕೂರುತ್ತಾರೆ. ಅವರಿಗೂ ಕೇಳಿಸುವಷ್ಟು ಜೋರಾಗಿ ಹೇಳಿ.

ಭುವನಾ